ರೂಟರ್ ಅಪ್‌ಡೇಟ್ ಆಯಿತು, ಅರ್ಜಿ ಅಲ್ಲೇ ಉಳಿಯಿತು

ಬಿಲ್ ಕಟ್ಟುವ ದಿನ ಹತ್ತಿರ ಬಂದರೆ ಇಂಟರ್‌ನೆಟ್ ಕಂಪನಿಯಿಂದ ಮೊದಲೇ ಮೆಸೇಜ್ ಬರುತ್ತದೆ. ಎರಡು ದಿನ ತಡವಾದರೆ ಫೋನ್ ಕರೆಯೂ ಬರುತ್ತದೆ. ಆದರೆ ಅದೇ ಕಂಪನಿ ನಮ್ಮ ಮನೆಯ ರೂಟರಿನೊಳಗಿನ ತಂತ್ರಾಂಶವನ್ನು ರಾತ್ರೋರಾತ್ರಿ ಬದಲಾಯಿಸಿದಾಗ ಒಂದು ಸಾಲಿನ ಸೂಚನೆಯೂ ಸಿಗುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಪೆಟ್ಟಿಗೆಯ ದೀಪಗಳೆಲ್ಲ ಹಸಿರಾಗಿಯೇ ಇರುತ್ತವೆ. ವೈಫೈ ಮಾತ್ರ ನಿನ್ನೆಯಂತೆ ಇರುವುದಿಲ್ಲ.

ಇದೇನು ಪತ್ರಿಕೆಗೆ ಬರೆಯುವಷ್ಟು ದೊಡ್ಡ ವಿಷಯವೇ ಎಂದು ಕೇಳಬಹುದು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಂಥ ಊರುಗಳಲ್ಲಿ ಓದು ಮುಗಿಸಿ ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಇದು ದೊಡ್ಡದೇ. ಕೆಪಿಎಸ್‌ಸಿ, ಕೆಇಎ ಅರ್ಜಿಗಳು ಆನ್‌ಲೈನ್. ಪ್ರವೇಶಪತ್ರ ಆನ್‌ಲೈನ್. ಪದವಿ ವಿದ್ಯಾರ್ಥಿಗಳ ಪರೀಕ್ಷಾ ನೋಂದಣಿ ಯುಯುಸಿಎಂಎಸ್‌ನಲ್ಲಿ, ವಿದ್ಯಾರ್ಥಿವೇತನ ಎಸ್‌ಎಸ್‌ಪಿಯಲ್ಲಿ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿ ನಿಗದಿಯಾಯಿತು. ಅದರ ಅರ್ಜಿ ಹಾಕುವುದೂ ಸೇವಾ ಸಿಂಧು ಮೂಲಕ, ತನಗಿನ್ನೂ ಕೆಲಸ ಸಿಕ್ಕಿಲ್ಲ ಎಂದು ಸ್ವಯಂ ಘೋಷಣೆ ಕೊಡುವುದೂ ಆನ್‌ಲೈನಿನಲ್ಲೇ. ಕಂಪನಿಗಳ ಮೊದಲ ಸುತ್ತಿನ ಸಂದರ್ಶನವಂತೂ ಈಗ ವಿಡಿಯೊ ಕರೆಯಲ್ಲೇ ಮುಗಿಯುತ್ತದೆ. ಬೆಂಗಳೂರಿಗೆ ರೈಲು ಹತ್ತುವ ಖರ್ಚು ಉಳಿಯಿತು ಎಂದು ನಾವು ಸಂತೋಷಪಟ್ಟಿದ್ದೇವೆ. ಆ ಉಳಿತಾಯವೆಲ್ಲ ಪಡಸಾಲೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಒಂದು ಬಿಳಿ ಪೆಟ್ಟಿಗೆಯ ಮೇಲೆ ನಿಂತಿದೆ.

ಆ ಪೆಟ್ಟಿಗೆಯೂ ಒಂದು ಸಣ್ಣ ಕಂಪ್ಯೂಟರ್. ಅದನ್ನು ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಕಂಪನಿ ದೂರದಲ್ಲಿ ಕುಳಿತೇ ಅದನ್ನು ಬದಲಾಯಿಸಬಲ್ಲದು. ಇಂಥ ಅಪ್‌ಡೇಟ್ ಬೇಕೇ ಬೇಕು, ಅದನ್ನು ಬೇಡವೆನ್ನುವುದು ಅಪಾಯ ಎಂಬುದನ್ನು ಮುಂದೆ ಹೇಳುತ್ತೇನೆ. ನನ್ನ ತಕರಾರು ಹೇಳದೆ ಬರುವ ಅಪ್‌ಡೇಟಿನ ಬಗ್ಗೆ. ಅದರಿಂದಾಗುವ ನಷ್ಟವನ್ನು ಕಂಪನಿ ಹೊರುವುದಿಲ್ಲ. ಅರ್ಜಿಯ ಕೊನೆಯ ದಿನ ಎದುರಿಗಿಟ್ಟುಕೊಂಡು ಕೂತ ಹುಡುಗ ಅಥವಾ ಹುಡುಗಿ ಹೊರಬೇಕಾಗುತ್ತದೆ.

ಮೂರು ಊರು, ಮೂರು ಬಗೆಯ ತೊಂದರೆ

ಹಾವೇರಿಯ ನಮ್ಮ ಮನೆಯಲ್ಲಿ ಆದದ್ದು ಹೀಗೆ. ಅಂದು ಬೆಳಿಗ್ಗೆ ಅಪ್ಪನ ಫೋನಿಗೆ ವೈಫೈ ಬರುತ್ತಿತ್ತು. ನಾನು ಕಾಲೇಜಿನಿಂದ ಬಳಸುತ್ತಿದ್ದ ಹಳೆಯ ಲ್ಯಾಪ್‌ಟಾಪ್‌ಗೆ ಮಾತ್ರ ಬರಲಿಲ್ಲ. ವೈಫೈ ಹೆಸರು ಕಾಣುತ್ತಿತ್ತು, ಪಾಸ್‌ವರ್ಡ್ ಸರಿಯಾಗಿತ್ತು, ಆದರೂ ಸಂಪರ್ಕ ಸಾಧ್ಯವಿಲ್ಲ ಎಂದು ತೋರಿಸುತ್ತಿತ್ತು. ಅಂದೇ ಹನ್ನೊಂದು ಗಂಟೆಗೆ ನನ್ನ ಆನ್‌ಲೈನ್ ಸಂದರ್ಶನ. ಸಹಾಯವಾಣಿಗೆ ಫೋನ್ ಮಾಡಿದರೆ, "ನಿಮ್ಮ ಲೈನ್ ಸರಿ ಇದೆ, ರೂಟರ್ ಆಫ್ ಮಾಡಿ ಆನ್ ಮಾಡಿ" ಎಂಬ ಉತ್ತರ. ಕೊನೆಗೆ ಅಪ್ಪನ ಫೋನಿನ ಹಾಟ್‌ಸ್ಪಾಟ್‌ನಲ್ಲಿ ಸಂದರ್ಶನ ಕೊಟ್ಟೆ. ಎರಡು ಸಲ ಧ್ವನಿ ಕಡಿಯಿತು. ತಿಳಿಸುತ್ತೇವೆ ಎಂದವರು ಮತ್ತೆ ತಿಳಿಸಲಿಲ್ಲ. ಧ್ವನಿ ಕಡಿದದ್ದೇ ಕಾರಣ ಎಂದು ನಾನು ಹೇಳಲಾರೆ. ಆದರೆ ಆ ದಿನ ಉತ್ತರಗಳ ಕಡೆಗಿಂತ ಸಿಗ್ನಲ್ ಕಡ್ಡಿಗಳ ಕಡೆಗೇ ನನ್ನ ಗಮನವಿತ್ತು.

ಸಂಜೆ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ವೈಫೈ ಭದ್ರತೆಗೆ 2004ರಿಂದ ಬಂದ ಪದ್ಧತಿ ಡಬ್ಲ್ಯುಪಿಎ2. 2018ರಲ್ಲಿ ಅದಕ್ಕಿಂತ ಗಟ್ಟಿಯಾದ ಡಬ್ಲ್ಯುಪಿಎ3 ಬಂತು. ಹೊಸ ಫರ್ಮ್‌ವೇರ್ ನಮ್ಮ ರೂಟರನ್ನು ಡಬ್ಲ್ಯುಪಿಎ3ಕ್ಕೆ ಮಾತ್ರ ಹೊಂದಿಸಿಬಿಟ್ಟಿತ್ತು. ಹೊಸ ಫೋನಿಗೆ ಆ ಭಾಷೆ ಗೊತ್ತು, ಹಳೆಯ ಲ್ಯಾಪ್‌ಟಾಪ್‌ಗೆ ಗೊತ್ತಿಲ್ಲ. ರೂಟರಿನ ಪುಟ ತೆರೆದು ಎರಡೂ ಸೇರಿದ ಮಿಶ್ರ ಆಯ್ಕೆಗೆ ಬದಲಿಸಿದ ಕೂಡಲೇ ಸರಿಹೋಯಿತು. ಎರಡು ನಿಮಿಷದ ಕೆಲಸ. ಬೆಳಿಗ್ಗೆ ಅದನ್ನು ಹೇಳಬಲ್ಲವರು ಯಾರೂ ಸಿಗಲಿಲ್ಲ, ಅಷ್ಟೇ.

ರಾಣೆಬೆನ್ನೂರಿನಲ್ಲಿ ಗೆಳೆಯನ ಮಾವ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಆನ್‌ಲೈನ್ ಅರ್ಜಿ ತುಂಬಿಕೊಡುವುದೇ ಅಲ್ಲಿನ ಮುಖ್ಯ ಕೆಲಸ. ಒಂದು ನೇಮಕಾತಿಯ ಕೊನೆಯ ದಿನ ಬೆಳಿಗ್ಗೆ ಅವರ ವೈಫೈ ಪ್ರಿಂಟರ್ ಮಾತು ಕೇಳಲಿಲ್ಲ. ಮೊದಲು ಅವರ ರೂಟರ್ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಹೆಸರು ತೋರಿಸುತ್ತಿತ್ತು. ಅಪ್‌ಡೇಟ್ ಆದ ಮೇಲೆ ಎರಡೂ ಸೇರಿ ಒಂದೇ ಹೆಸರಾದವು. ಪ್ರಿಂಟರ್ ಪಾಪ, ಇಲ್ಲದ ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಅಂಗಡಿ ಮುಂದೆ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದ ಹುಡುಗರ ಸಾಲು. "ಲೈಟ್ ಹಸಿರs ಐತಲ್ರಿ, ಮತ್ಯಾಕ ಪ್ರಿಂಟ್ ಬರವಲ್ದು?" ಎಂದು ಒಬ್ಬ ಕೇಳಿದರೆ ಮಾವನ ಬಳಿ ಉತ್ತರವಿರಲಿಲ್ಲ. ಅಂದು ಕೊನೆಗೆ ಪ್ರಿಂಟರಿಗೆ ಯುಎಸ್‌ಬಿ ಕೇಬಲ್ ಹಚ್ಚಿ ಕೆಲಸ ಸಾಗಿಸಿದರು.

ಬ್ಯಾಡಗಿಯದು ಇನ್ನೊಂದು ಬಗೆ. ಅಲ್ಲಿಯ ಗೆಳತಿಯ ಮನೆ ಪೇಟೆಯ ನಡುವೆ ಇದೆ. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಮಾರುಕಟ್ಟೆಗೆ ಒಂದೇ ದಿನ ಲಕ್ಷಗಟ್ಟಲೆ ಚೀಲ ಬರುವುದುಂಟು. ಟೆಂಡರ್ ದರ ಹಾಕುವುದು ಈಗ ಕಂಪ್ಯೂಟರಿನಲ್ಲಿ. ಹಾಗಾಗಿ ದಲಾಲಿ ಅಂಗಡಿ, ಕೋಲ್ಡ್ ಸ್ಟೋರೇಜ್ ಕಚೇರಿ, ಮನೆ ಎಲ್ಲ ಕಡೆಯೂ ರೂಟರ್ ಇವೆ. ಅಪ್‌ಡೇಟ್ ಆದ ಮೇಲೆ ಅವಳ ಮನೆಯಲ್ಲಿ ಸಂಪರ್ಕವೇನೋ ಇತ್ತು, ಸಂಜೆಯಾದರೆ ವೇಗ ಕುಸಿಯುತ್ತಿತ್ತು. ಬ್ಯಾಂಕ್ ಪರೀಕ್ಷೆಯ ಅಣಕು ಪರೀಕ್ಷೆ ಮಧ್ಯದಲ್ಲೇ ನಿಂತುಹೋಗುತ್ತಿತ್ತು.

ಇದಕ್ಕೆ ಕಾರಣ ಗಾಳಿಯಲ್ಲಿನ ಗದ್ದಲ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ತರಂಗಪಟ್ಟಿಯನ್ನು 2005ರಲ್ಲಿ ಲೈಸೆನ್ಸ್ ಮುಕ್ತಗೊಳಿಸಲಾಯಿತು. 5 ಗಿಗಾಹರ್ಟ್ಸ್‌ನ ಹೆಚ್ಚಿನ ಭಾಗ ಮುಕ್ತವಾದದ್ದು 2018ರಲ್ಲಿ. 2.4ರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಹೊಸ ಫರ್ಮ್‌ವೇರ್ ಚಾನೆಲ್ ಅಗಲವನ್ನು 20ರ ಬದಲು 40 ಮೆಗಾಹರ್ಟ್ಸ್ ಮಾಡಿತ್ತು. ಅಕ್ಕಪಕ್ಕ ಮನೆಯಿಲ್ಲದ ತೋಟದಲ್ಲಿ ಇದರಿಂದ ವೇಗ ಹೆಚ್ಚುತ್ತದೆ. ಪೇಟೆ ಬೀದಿಯಲ್ಲಿ ಅದು ಇಕ್ಕಟ್ಟಿನ ಓಣಿಗೆ ಲಾರಿ ನುಗ್ಗಿಸಿದ ಹಾಗೆ. ಅಗಲವನ್ನು 20ಕ್ಕೆ ಇಳಿಸಿ, ಅಕ್ಕಪಕ್ಕದವರು ಕಡಿಮೆ ಬಳಸುವ ಚಾನೆಲ್ ಆರಿಸಿದ ಮೇಲೆ ಅವಳ ಅಣಕು ಪರೀಕ್ಷೆ ನಿಲ್ಲದೆ ನಡೆಯಿತು.

ಮೂರೂ ಕಡೆ ರೂಟರ್ ಕೆಟ್ಟಿರಲಿಲ್ಲ, ತಂತಿ ಕಡಿದಿರಲಿಲ್ಲ. ಬದಲಾದದ್ದು ಹೊಂದಾಣಿಕೆ. ಬದಲಾಯಿಸಿದವರು ಹೇಳಲಿಲ್ಲ, ಬಳಸುವವರಿಗೆ ತಿಳಿಯಲಿಲ್ಲ.

ಹಾಗಾದರೆ ಅಪ್‌ಡೇಟ್ ನಿಲ್ಲಿಸಿಬಿಡೋಣವೇ?

ಬೇಡ. ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆಯಿದೆ. 2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳ ಮೇಲೆ ಕುತಂತ್ರಾಂಶದ ದಾಳಿಯಾಯಿತು. ಸುಮಾರು 60,000 ಮೋಡೆಮ್‌ಗಳು ಕೆಲಸ ನಿಲ್ಲಿಸಿದವು ಎಂದು ಆಗಿನ ಪತ್ರಿಕಾ ವರದಿಗಳು ಹೇಳಿದ್ದವು. ಕಾರ್ಖಾನೆಯಿಂದ ಬರುವಾಗ ಇದ್ದ 'ಅಡ್ಮಿನ್' ಎಂಬ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳೇ ಹೆಚ್ಚಾಗಿ ತುತ್ತಾದದ್ದು. ಪಾಸ್‌ವರ್ಡ್ ಬದಲಾಯಿಸಿ ಎಂದು ಸಂಸ್ಥೆ ಗ್ರಾಹಕರಿಗೆ ಹೇಳಬೇಕಾಯಿತು. ಬ್ರಿಕರ್‌ಬಾಟ್ ಎಂಬ ಕುತಂತ್ರಾಂಶದ ಕರ್ತೃ ಇದು ತನ್ನದೇ ಕೆಲಸ ಎಂದು ಹೇಳಿಕೊಂಡ. ಬ್ರಿಕ್ ಎಂದರೆ ಇಟ್ಟಿಗೆ. ಸಾಧನವನ್ನು ಇಟ್ಟಿಗೆಯಷ್ಟೇ ಜಡವಾಗಿಸುವುದು ಅದರ ಗುರಿ.

ಆ ದಾಳಿಯಲ್ಲಿ ಚರ್ಚೆಗೆ ಬಂದ ಬಾಗಿಲಿನ ಸಂಖ್ಯೆ 7547. ಕಂಪನಿಯವರು ದೂರದಿಂದ ನಮ್ಮ ಮೋಡೆಮ್ ನಿರ್ವಹಿಸಲು ಬಳಸುವ ಟಿಆರ್-069 ಎಂಬ ವ್ಯವಸ್ಥೆಯ ದಾರಿ ಅದು. ಒಳ್ಳೆಯ ಅಪ್‌ಡೇಟ್ ಬರುವ ಬಾಗಿಲನ್ನೇ ತೆರೆದಿಟ್ಟು ಕಾವಲು ಮರೆತರೆ ಕಳ್ಳನೂ ಅಲ್ಲಿಂದಲೇ ಬರುತ್ತಾನೆ. ಬಾಗಿಲಿನ ಚಿಲಕ ಸಡಿಲವಾದಾಗ ಸರಿಪಡಿಸುವುದೂ ಅಪ್‌ಡೇಟೇ. ಆದ್ದರಿಂದ ಅದನ್ನು ಪೂರ್ತಿ ನಿಲ್ಲಿಸಿದರೆ ನಾವೇ ಮನೆ ಬಾಗಿಲು ತೆಗೆದಿಟ್ಟು ಮಲಗಿದಂತೆ.

ಹೊರಗಿನ ಎರಡು ಘಟನೆಗಳನ್ನೂ ನೋಡೋಣ. 2023ರ ಅಕ್ಟೋಬರ್ 25ರಿಂದ ಮೂರು ದಿನಗಳಲ್ಲಿ ಅಮೆರಿಕದ ಒಂದೇ ಇಂಟರ್‌ನೆಟ್ ಕಂಪನಿಯ ಆರು ಲಕ್ಷಕ್ಕೂ ಹೆಚ್ಚು ರೂಟರ್‌ಗಳು ಸತ್ತುಹೋದವು. ದಾಳಿಕೋರರು ಅವುಗಳ ಫರ್ಮ್‌ವೇರನ್ನೇ ಹಾಳುಮಾಡಿದ್ದರು. ರೀಸೆಟ್ ಮಾಡಿದರೂ ಏಳಲಿಲ್ಲ, ಪೆಟ್ಟಿಗೆಗಳನ್ನೇ ಬದಲಿಸಬೇಕಾಯಿತು. ಆ ಕಂಪನಿಯ ಗ್ರಾಹಕರಲ್ಲಿ ಹಳ್ಳಿಗಾಡಿನವರೇ ಬಹಳ ಮಂದಿ. ಎರಡನೆಯದು ರೂಟರಿನದಲ್ಲದಿದ್ದರೂ ಪಾಠ ಅದೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಇಲ್ಲಿ ಕಳ್ಳನಿರಲಿಲ್ಲ, ಕಾವಲುಗಾರನೇ ಎಡವಿದ್ದ. ಎಲ್ಲರಿಗೂ ಒಮ್ಮೆಲೇ ಕಳಿಸುವ ಬದಲು ಹಂತಹಂತವಾಗಿ ಕಳಿಸುತ್ತೇವೆ ಎಂದು ಆ ಕಂಪನಿ ಬಳಿಕ ಒಪ್ಪಿಕೊಂಡಿತು.

ದಾಳಿ ತಡೆಯಲು ಅಪ್‌ಡೇಟ್ ಬೇಕು. ಆದರೆ ಅದು ಹಂತಹಂತವಾಗಿ, ಮೊದಲೇ ತಿಳಿಸಿ, ತಪ್ಪಿದರೆ ಹಿಂದಕ್ಕೆ ಹೋಗುವ ದಾರಿಯಿಟ್ಟುಕೊಂಡು ಬರಬೇಕು. ಈ ಘಟನೆಗಳಿಂದ ನಾನು ಕಲಿತದ್ದು ಇಷ್ಟು.

ನಿಯಮ ಏನು ಹೇಳುತ್ತದೆ?

ಟ್ರಾಯ್ 2024ರ ಆಗಸ್ಟ್‌ನಲ್ಲಿ ಹೊಸ ಸೇವಾ ಗುಣಮಟ್ಟದ ನಿಯಮಗಳನ್ನು ಹೊರಡಿಸಿತು. ಅಕ್ಟೋಬರ್ 1ರಿಂದ ಅವು ಜಾರಿಗೆ ಬಂದವು. ಒಂದು ಜಿಲ್ಲೆಯಲ್ಲಿ ದೊಡ್ಡ ಪ್ರಮಾಣದ ಸೇವಾ ವ್ಯತ್ಯಯ 24 ಗಂಟೆಗೂ ಮೀರಿದರೆ ಗ್ರಾಹಕರಿಗೆ ಬಾಡಿಗೆಯಲ್ಲಿ ರಿಯಾಯಿತಿ ಅಥವಾ ಅವಧಿ ವಿಸ್ತರಣೆ ಕೊಡಬೇಕು ಎಂಬುದು ಅದರಲ್ಲಿದೆ. ಒಳ್ಳೆಯ ನಿಯಮ. ಜಿಲ್ಲೆಯನ್ನು ಲೆಕ್ಕಕ್ಕೆ ಹಿಡಿದದ್ದು ನಮ್ಮಂಥ ಜಿಲ್ಲೆಗಳಿಗೆ ಉಪಯೋಗವೇ.

ಆದರೆ ಮೇಲೆ ಹೇಳಿದ ಮೂರು ಮನೆಗಳ ತೊಂದರೆ ಈ ಲೆಕ್ಕಕ್ಕೆ ಬರುವುದಿಲ್ಲ. ಕಂಪನಿಯ ಪರದೆಯಲ್ಲಿ ಲೈನ್ ಸರಿಯಿದೆ, ದೀಪ ಹಸಿರಿದೆ. ಮನೆಯೊಳಗಿನ ಹತ್ತು ಅಡಿಯಲ್ಲಿ ವೈಫೈ ತಲುಪದಿದ್ದರೆ ಅದು ವ್ಯತ್ಯಯವಲ್ಲ, ಗ್ರಾಹಕನ ಸಾಧನದ ಸಮಸ್ಯೆ ಎನಿಸಿಕೊಳ್ಳುತ್ತದೆ. ಪೆಟ್ಟಿಗೆ ಕಂಪನಿಯದು, ಅದರ ಕೀಲಿಕೈ ಕಂಪನಿಯದು, ತೊಂದರೆ ಮಾತ್ರ ನಮ್ಮದು.

ಬೇರೆ ಕಡೆ ಕಾನೂನು ಮುಂದೆ ಹೋಗಿದೆ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಸುಲಭವಾಗಿ ಊಹಿಸಬಹುದಾದ ಕಾರ್ಖಾನೆ ಪಾಸ್‌ವರ್ಡ್ ಇಟ್ಟು ಸಾಧನ ಮಾರುವಂತಿಲ್ಲ. ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆ ಎಂಬುದನ್ನೂ ಬಹಿರಂಗಪಡಿಸಬೇಕು. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆಯ ಮುಖ್ಯ ಷರತ್ತುಗಳು 2027ರ ಡಿಸೆಂಬರ್‌ನಿಂದ ಅನ್ವಯವಾಗಲಿವೆ. ಅಪ್‌ಡೇಟ್ ಬಂದಿದೆ ಎಂದು ಬಳಕೆದಾರರಿಗೆ ತಿಳಿಸಬೇಕು, ಸ್ವಲ್ಪ ಕಾಲ ಮುಂದೂಡುವ ಅವಕಾಶವಿರಬೇಕು, ಸಾಧ್ಯವಾದ ಕಡೆ ಭದ್ರತೆಯ ಅಪ್‌ಡೇಟನ್ನು ಹೊಸ ಸೌಲಭ್ಯಗಳ ಅಪ್‌ಡೇಟ್‌ನಿಂದ ಬೇರೆಯಾಗಿ ಕೊಡಬೇಕು ಎಂದು ಅದು ಹೇಳುತ್ತದೆ. ರಾಣೆಬೆನ್ನೂರಿನ ಝೆರಾಕ್ಸ್ ಅಂಗಡಿಗೆ ಬೇಕಿದ್ದುದೂ ಇದೇ. ಭದ್ರತೆಯ ತೇಪೆ ಹಾಕಲಿ, ವೈಫೈ ಹೆಸರು ಬದಲಿಸುವ ಕೆಲಸವನ್ನು ಕೇಳಿ ಮಾಡಲಿ.

ನಮ್ಮಲ್ಲಿ ಇದಕ್ಕೆ ನೆಲೆಯೇ ಇಲ್ಲವೆಂದಲ್ಲ. ದೂರಸಂಪರ್ಕ ಇಲಾಖೆಯ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ವೈಫೈ ರೂಟರ್‌ಗಳು ಪಾಲಿಸಬೇಕಾದ ಭದ್ರತಾ ಮಾನದಂಡಗಳನ್ನು ಅದು ರೂಪಿಸಿದೆ. ಸಾಧನದ ಭದ್ರತೆಗೆ ಮಾನದಂಡ ಇರುವಂತೆ, ಅಪ್‌ಡೇಟ್ ಆಗುವ ಮೊದಲು ಮನೆಯವರಿಗೆ ತಿಳಿಸುವುದಕ್ಕೂ ಒಂದು ನಿಯಮ ಬಂದರೆ ಸಾಕು.

ಅಲ್ಲಿಯವರೆಗೆ ನಾವೇನು ಮಾಡಬಹುದು?

ಮೊದಲನೆಯದು, ತೊಂದರೆ ತಂತಿಯದೋ ವೈಫೈಯದೋ ಎಂದು ಬೇರ್ಪಡಿಸುವುದು. ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ದೀಪ ಕೆಂಪಾಗಿದ್ದರೆ ಫೈಬರ್ ತೊಂದರೆ. ಅದಕ್ಕೆ ಲೈನ್‌ಮನ್ ಬರಲೇಬೇಕು. ಆ ದೀಪ ಕೆಂಪಾಗಿರದಿದ್ದರೆ ಒಂದು ಲ್ಯಾನ್ ಕೇಬಲ್‌ನಿಂದ ಲ್ಯಾಪ್‌ಟಾಪನ್ನು ನೇರ ರೂಟರಿಗೆ ಜೋಡಿಸಿ. ಇಂಟರ್‌ನೆಟ್ ಬಂದರೆ ತೊಂದರೆ ವೈಫೈಯಲ್ಲಿ ಮಾತ್ರ ಇದೆ ಎಂದರ್ಥ. ನೂರಿನ್ನೂರು ರೂಪಾಯಿಯ ಈ ಕೇಬಲ್ ಪರೀಕ್ಷೆ ಬರೆಯುವವರ ಮನೆಯಲ್ಲಿ ಇರಲೇಬೇಕು. ಸಂದರ್ಶನದ ದಿನ ವೈಫೈ ಇದ್ದರೂ ಕೇಬಲ್ಲಿಗೇ ಕೂರುವುದು ಲೇಸು.

ಎರಡನೆಯದು, ಫೋನ್ ಅಥವಾ ಲ್ಯಾಪ್‌ಟಾಪ್‌ನಲ್ಲಿ ಆ ವೈಫೈ ಹೆಸರನ್ನು ಅಳಿಸಿ ಹೊಸದಾಗಿ ಜೋಡಿಸಿ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಎರಡು ನಿಮಿಷ ಕಾಯಿರಿ. 5 ಗಿಗಾಹರ್ಟ್ಸ್‌ನ ಕೆಲವು ಚಾನೆಲ್‌ಗಳಲ್ಲಿ ರೂಟರ್ ಮೊದಲು ರೇಡಾರ್ ಸಂಕೇತವಿದೆಯೇ ಎಂದು ಒಂದು ನಿಮಿಷ ಆಲಿಸಿ, ಆಮೇಲೆ ಹೆಸರು ತೋರಿಸುತ್ತದೆ.

ಮೂರನೆಯದು, ರೂಟರಿನ ಪುಟ ತೆರೆಯಲು ಕಲಿಯಿರಿ. ಪೆಟ್ಟಿಗೆಯ ತಳದ ಚೀಟಿಯಲ್ಲಿ 192.168.1.1 ರೀತಿಯ ವಿಳಾಸವಿರುತ್ತದೆ. ಅಲ್ಲಿ ಫರ್ಮ್‌ವೇರ್ ಆವೃತ್ತಿಯ ಸಂಖ್ಯೆ, ಭದ್ರತೆಯ ಬಗೆ, ಚಾನೆಲ್, ಅಗಲ ಎಲ್ಲ ಕಾಣುತ್ತವೆ. ಎಲ್ಲ ಸರಿಯಿರುವ ದಿನವೇ ಆ ಪುಟಗಳ ಫೋಟೊ ತೆಗೆದಿಟ್ಟುಕೊಳ್ಳಿ. ನಾಳೆ ಏನು ಬದಲಾಯಿತು ಎಂದು ಹೋಲಿಸಲು ಅದೇ ಸಾಕ್ಷಿ.

ನಾಲ್ಕನೆಯದು ಎಚ್ಚರಿಕೆ. ಪಿನ್ ಚುಚ್ಚಿ ರೀಸೆಟ್ ಮಾಡುವುದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಫೈಬರ್ ಪೆಟ್ಟಿಗೆಗಳಲ್ಲಿ ಕಂಪನಿ ತುಂಬಿದ ಲಾಗಿನ್ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಇರುತ್ತವೆ. ರೀಸೆಟ್ ಮಾಡಿದರೆ ಅವೂ ಅಳಿಸಿಹೋಗಬಹುದು, ಬರುತ್ತಿದ್ದ ಇಂಟರ್‌ನೆಟ್ ಪೂರ್ತಿ ನಿಲ್ಲಬಹುದು. ಹಾಗೆಯೇ ಅಪ್‌ಡೇಟ್ ನಡೆಯುತ್ತಿರುವಾಗ ಕರೆಂಟ್ ಹೋದರೆ ಅರ್ಧ ಬರೆದ ಫರ್ಮ್‌ವೇರ್‌ನಿಂದ ಪೆಟ್ಟಿಗೆ ಏಳದೇ ಹೋಗುವ ಅಪಾಯವಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬರುವುದು ನಮಗೆ ಹೊಸದಲ್ಲ. ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ಒಂದಿದ್ದರೆ ಒಳ್ಳೆಯದು.

ಕೊನೆಯದು, ಬರೆದು ದೂರು ಕೊಡುವುದು. ನಾವು ಫೋನಿನಲ್ಲಿ ಬೈದು ಸುಮ್ಮನಾಗುತ್ತೇವೆ. ಬೈಗುಳಕ್ಕೆ ದಾಖಲೆ ಇಲ್ಲ, ದೂರಿನ ಸಂಖ್ಯೆಗೆ ಇದೆ. ಸಹಾಯವಾಣಿಯಿಂದ ಆ ಸಂಖ್ಯೆ ಕೇಳಿ ಪಡೆಯಿರಿ. ಪರಿಹಾರ ಸಿಗದಿದ್ದರೆ ಟ್ರಾಯ್‌ನ 2012ರ ನಿಯಮದಂತೆ ಪ್ರತಿ ಕಂಪನಿಯಲ್ಲೂ ಮೇಲ್ಮನವಿ ಪ್ರಾಧಿಕಾರವಿದೆ, ಅಲ್ಲಿಗೆ ಹೋಗಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. "ಇಂಥ ದಿನ ಆವೃತ್ತಿ ಬದಲಾಯಿತು, ಅಂದಿನಿಂದ ಈ ಸಾಧನ ಜೋಡಣೆಯಾಗುತ್ತಿಲ್ಲ" ಎಂದು ಬರೆದರೆ, ಲೈನ್ ಸರಿ ಇದೆ ಎಂಬ ಒಂದೇ ಉತ್ತರ ಕೊಟ್ಟು ಸಾಗಹಾಕುವುದು ಅವರಿಗೂ ಕಷ್ಟ.

ಕಂಪನಿಗಳಿಂದ ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. "ನಿಮ್ಮ ರೂಟರ್ ನಾಳೆ ರಾತ್ರಿ ಎರಡು ಗಂಟೆಗೆ ಅಪ್‌ಡೇಟ್ ಆಗಲಿದೆ. ಭದ್ರತೆಯ ಬಗೆ ಬದಲಾಗುತ್ತದೆ. ಮುಂದೂಡಲು ಈ ಸಂಖ್ಯೆ ಒತ್ತಿ" ಎಂದು ಕನ್ನಡದಲ್ಲಿ ಮೂರು ವಾಕ್ಯ ಕಳಿಸಲಿ. ಬಿಲ್ಲಿನ ನೆನಪು ಕಳಿಸುವ ವ್ಯವಸ್ಥೆಯಲ್ಲೇ ಇದನ್ನೂ ಕಳಿಸಬಹುದು. ಸರ್ಕಾರಿ ಇಲಾಖೆಗಳೂ ಒಂದು ಮಾತು ಯೋಚಿಸಲಿ: ಅರ್ಜಿ ಸಲ್ಲಿಕೆಯ ಕೊನೆಯ ದಿನ ಮುಗಿದ ಮೇಲೆ ಸರ್ವರ್ ಯಾರ ಕಾರಣವನ್ನೂ ಕೇಳುವುದಿಲ್ಲ. ಎಲ್ಲವನ್ನೂ ಆನ್‌ಲೈನ್ ಮಾಡಿದ ಮೇಲೆ ತಾಲ್ಲೂಕಿಗೊಂದು ಗ್ರಂಥಾಲಯದಲ್ಲಾದರೂ ಕೇಬಲ್ ಜೋಡಿಸಿದ ಕಂಪ್ಯೂಟರ್‌ಗಳು ಸಂಜೆಯವರೆಗೆ ತೆರೆದಿರಬೇಕು.

ಗೆಳೆಯರೇ, ಸ್ಪರ್ಧಾತ್ಮಕ ಪರೀಕ್ಷೆಗೆ ನಾವು ಏನೇನೋ ಓದುತ್ತೇವೆ. ಈ ಭಾನುವಾರ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮನೆಯ ರೂಟರನ್ನು ತಿರುಗಿಸಿ ತಳದ ಚೀಟಿ ಓದಿ, ಹಳೆಯ 'ಅಡ್ಮಿನ್' ಪಾಸ್‌ವರ್ಡ್ ಇನ್ನೂ ಇದ್ದರೆ ಬದಲಿಸಿ, ಆವೃತ್ತಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಪಕ್ಕದ ಮನೆಯ ಪಿಯುಸಿ ಹುಡುಗಿಗೂ ತೋರಿಸಿಕೊಡಿ. ಮುಂದಿನ ವರ್ಷ ಸಿಇಟಿ ಅರ್ಜಿ ತುಂಬಬೇಕಾದವಳು ಅವಳು.